ಹುಲ್ಲಿಗೆ ಶನಿವಾರ ಗೊತ್ತಿಲ್ಲ

ಡಿಸೆಂಬರ್ 9, ಶನಿವಾರ

ಹಿಟ್ಟಿನ ಗಿರಣಿಯವರು ವರ್ಷವರ್ಷವೂ ನಾನಿದ್ದ ಬೇಕರಿಗೆ ಒಂದು ಡೈರಿ ಕಳಿಸುತ್ತಿದ್ದರು. ಹತ್ತೊಂಬತ್ತು ವರ್ಷ ಅದನ್ನು ಯಾರೋ ಒಬ್ಬ ಗಿರಾಕಿಗೆ ದಾಟಿಸಿ ಕೈ ತೊಳೆದುಕೊಂಡಿದ್ದೇನೆ. ಈ ಅಕ್ಟೋಬರಿನಲ್ಲಿ ಬೇಕರಿಯೇ ಮುಚ್ಚಿತು. ಡೈರಿ ಮಾತ್ರ ಎಂದಿನಂತೆ ಅಂಚೆಯಲ್ಲಿ ಬಂತು, ಈ ಸಲ ನನ್ನ ಮನೆಗೆ. ದಾಟಿಸಲು ಗಿರಾಕಿಗಳಿಲ್ಲ, ಹಾಗಾಗಿ ನಾನೇ ಬರೆಯುತ್ತಿದ್ದೇನೆ. ಹೊಸ ವರ್ಷ ಬರುವ ತನಕ ಡೈರಿಯ ಮೊದಲಿಗಿರುವ ಖಾಲಿ ಹಾಳೆಗಳು ಸಾಕು.

ಇಂದು ಹೊಸ ಕೆಲಸದ ಮೊದಲ ದಿನ. ಅಗಾತೆ ವೊನಿಯರ್, ವಯಸ್ಸು ನಲವತ್ತೇಳು, ಮುಟಾ ಗುಡ್ಡದ ಸ್ಕೀ ಲಿಫ್ಟಿನ ಪಾರ್ಕಿಂಗ್ ನೋಡಿಕೊಳ್ಳುವವಳು. ಮೈಮೇಲೆ ಕಿತ್ತಳೆ ಬಣ್ಣದ ಜಾಕೆಟ್ಟು, ಅದರೊಳಗೆ ನನ್ನಂಥವರು ಇಬ್ಬರು ಹಿಡಿಯುತ್ತಾರೆ. ಚಳಿ ಅಂದರೆ ನನಗಾಗದು. ಕಾರು ಅಂದರೆ ಮೊದಲೇ ಆಗದು. ಇಷ್ಟು ವರ್ಷ ಬಿಸಿ ಒಲೆಯ ಪಕ್ಕ ನಿಂತವಳನ್ನು ತಂದು ಹಿಮದಲ್ಲಿ ನಿಲ್ಲಿಸಿದ್ದಾರೆ.

ನಿಂತದ್ದೂ ದಂಡ. ಮೊದಲ ದಿನವೇ ಪಾರ್ಕಿಂಗ್ ತೆರೆಯಲಿಲ್ಲ. ಕಾರಣ, ಒಬ್ಬ ಮುದುಕ ಮತ್ತು ಒಂದು ಹಾರೆ.

ನಮ್ಮ ಲಿಫ್ಟು ಊರಿನದು, ಸಂಘ ಕಟ್ಟಿಕೊಂಡು ನಡೆಸುತ್ತೇವೆ. ಅದಕ್ಕೆ ಸ್ವಂತ ಪಾರ್ಕಿಂಗ್ ಜಾಗವಿಲ್ಲ. ಲಿಫ್ಟಿನ ಬುಡದಲ್ಲಿರುವುದು ಸೆರಾಫಿನ್ ಗನಾಲನ ಹುಲ್ಲುಗಾವಲು. ಬೇಸಿಗೆಯಲ್ಲಿ ಅವನ ನಾಲ್ಕು ಹಸುಗಳಿಗೆ ಮೇವು, ಚಳಿಗಾಲದಲ್ಲಿ ನಮಗೆ ಪಾರ್ಕಿಂಗ್. ಆದರೆ ಕರಾರಿನಲ್ಲಿ ಷರತ್ತಿದೆ. ನೆಲ ಒಂದು ಗೇಣು ಆಳದವರೆಗೆ ಹೆಪ್ಪುಗಟ್ಟಿರಬೇಕು, ಗಟ್ಟಿಯಾಗಿದೆಯೋ ಇಲ್ಲವೋ ಎಂದು ಹೇಳುವವನು ಅವನೇ. ಎಂಬತ್ತಮೂರು ವರ್ಷದ ಮುದುಕ ಬೆಳಿಗ್ಗೆ ಏಳಕ್ಕೆ ಎದುರುಮನೆಯಿಂದ ಹಾರೆ ಹೊತ್ತು ಬರುತ್ತಾನೆ. ನಾಲ್ಕು ಮೂಲೆಗೆ ನಾಲ್ಕು ಏಟು, ನಡುವೆ ಒಂದು. ಹಾರೆ ಪುಟಿದರೆ ಕಾರು ಬರಬಹುದು. ಇಳಿದರೆ ಇಲ್ಲ.

ಇಂದು ಇಳಿಯಿತು.

ಸಂಘದ ಅಧ್ಯಕ್ಷ ಲೋರೆಂಜ್ ನೆಟ್ಸರ್ ಟೋಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಸೂರಿನ ಮೇಲೆ ಹಂಚು ಹೊದಿಸುವ ಕೆಲಸದವನು, ಬಿರುಗಾಳಿಗೂ ತಲೆ ಬಾಗಿಸುವವನಲ್ಲ.

"ಸೆರಾಫಿನ್ ಮಾಮ, ಇವತ್ತು ಶನಿವಾರ. ಸೀಸನ್ನಿನ ಮೊದಲನೇ ದಿನ ಬೇರೆ. ಒಂದು ಸಲ ಬಿಟ್ಬಿಡಿ."

"ಹುಲ್ಲಿಗೆ ಶನಿವಾರ ಗೊತ್ತಿಲ್ಲಪ್ಪ," ಅಂದ ಮುದುಕ, ಹಾರೆ ಹೆಗಲಿಗೇರಿಸಿ ಹೋದ.

ಆಮೇಲೆ ನಡೆದದ್ದೆಲ್ಲ ನನ್ನ ತಲೆಯ ಮೇಲೆ. ಬಂದ ಕಾರುಗಳನ್ನೆಲ್ಲ ಕೆಳಗೆ ರೈಲು ನಿಲ್ದಾಣಕ್ಕೆ ತಿರುಗಿಸಿದೆ. ಅಲ್ಲಿಂದ ಲಿಫ್ಟಿಗೆ ಇಪ್ಪತ್ತೈದು ನಿಮಿಷದ ಏರು, ಹೆಗಲ ಮೇಲೆ ಸ್ಕೀ, ಕಾಲಲ್ಲಿ ಕಲ್ಲಿನಂಥ ಬೂಟು. ಲೋರೆಂಜ್ ಟ್ರಾಕ್ಟರಿನ ಗಾಡಿಗೆ ಹುಲ್ಲಿನ ಕಟ್ಟು ಹಾಕಿ ಒಂದಷ್ಟು ಮಂದಿಯನ್ನು ಎಳೆದು ತಂದ. ಸ್ಟುಟ್‌ಗಾರ್ಟಿನ ಒಬ್ಬ ಹೆಂಗಸು ಇಬ್ಬರು ಮಕ್ಕಳನ್ನೂ ನಾಲ್ಕು ಸ್ಕೀಗಳನ್ನೂ ಹೊತ್ತು ಮೇಲೆ ಬಂದು ನಿಂತು, "ಇಷ್ಟು ದೊಡ್ಡ ಜಾಗ ಖಾಲಿ ಬಿದ್ದಿದೆಯಲ್ರೀ, ನಿಮಗೆ ಕಣ್ಣಿಲ್ವಾ?" ಎಂದು ಕೇಳಿದಳು. ಕಣ್ಣಿದೆ. ಹುಲ್ಲಿಗೆ ಯಜಮಾನನೂ ಇದ್ದಾನೆ.

ಈ ಮುದುಕನನ್ನು ನಾನು ಬಲ್ಲೆ. ಹತ್ತೊಂಬತ್ತು ವರ್ಷ ದಿನಾ ಅರ್ಧ ರೈ ಬ್ರೆಡ್ಡು. ಒಂದು ದಿನವೂ ಇಡಿಯದನ್ನು ಕೊಂಡವನಲ್ಲ, ಒಂದು ದಿನವೂ ಚೆನ್ನಾಗಿದೆ ಅಂದವನಲ್ಲ.

ಡಿಸೆಂಬರ್ 17, ಭಾನುವಾರ

ನಾಲ್ಕು ರಾತ್ರಿ ಕೊರೆದ ಚಳಿ. ಹಾರೆ ಪುಟಿಯಿತು. ತೊಂಬತ್ತು ಕಾರು ಬಂದವು.

ಕೆಲಸ ನೋಡಲು ಸುಲಭ, ಕೈ ಬೀಸಿದರಾಯಿತು ಎಂದುಕೊಂಡಿದ್ದೆ. ಕೈ ಬೀಸುವುದರಲ್ಲೂ ವಿದ್ಯೆಯಿದೆ. ಕಾರಿನ ಮೂತಿ ಇಳಿಜಾರಿನ ಕಡೆಗೇ ಇರಬೇಕು, ಸಂಜೆ ಹಿಮ ಬಿದ್ದರೆ ತಾನಾಗಿ ಜಾರಿ ಹೊರಡುತ್ತದೆ. ಇದನ್ನು ಹೇಳಿದರೆ ಗಂಡಸರಿಗೆ ಅವಮಾನ. ಒಬ್ಬ ಮ್ಯೂನಿಕ್ಕಿನವನು, "ಮೂವತ್ತು ವರ್ಷದಿಂದ ಓಡಿಸ್ತಿದ್ದೀನಮ್ಮ" ಎಂದು ಮೂತಿ ಮೇಲೆ ಮಾಡಿಯೇ ನಿಲ್ಲಿಸಿದ. ಸಂಜೆ ಆರು ಜನ ಸೇರಿ ತಳ್ಳಿದೆವು. ತಳ್ಳಿದವರಲ್ಲಿ ನಾನೂ ಒಬ್ಬಳು. ಥ್ಯಾಂಕ್ಸ್ ಹೇಳಲು ಮಾತ್ರ ಅವನಿಗೆ ನೆನಪಾಗಲಿಲ್ಲ.

ಮುದುಕ ಇಡೀ ದಿನ ಬೇಲಿಯ ಹೊರಗೆ ನಿಂತು ನೋಡುತ್ತಿದ್ದ. ಎಣ್ಣೆ ಸೋರುವ ಕಾರಿನ ಕೆಳಗೆ ರಟ್ಟು ಹಾಕಿಸಿದ, ನನ್ನ ಕೈಯಲ್ಲಿ.

ಡಿಸೆಂಬರ್ 23, ಶನಿವಾರ

ಹತ್ತು ಗಂಟೆಗೆ ಶುರುವಾದ ಹಿಮ ಮೂರರವರೆಗೆ ಬಿತ್ತು. ಮಂದಿ ಸ್ಕೀ ಮುಗಿಸಿ ಕೆಳಗೆ ಬಂದಾಗ ಅಲ್ಲಿ ಕಾರುಗಳೇ ಇಲ್ಲ, ನೂರಿಪ್ಪತ್ತು ಬಿಳಿ ಗುಡ್ಡೆಗಳು. ಒಂದು ಡಚ್ ಸಂಸಾರ ಅರ್ಧ ಗಂಟೆ ಬಗೆದು, ಉಜ್ಜಿ, ಒರೆಸಿ, ಬೇರೆಯವರ ಕಾರನ್ನು ಫಳಫಳ ಹೊಳೆಯುವಂತೆ ಮಾಡಿತು. ಆ ಕಾರಿನವರು ಬಂದು, "ಇಲ್ಲಿ ಸೇವೆ ಬಹಳ ಚೆನ್ನಾಗಿದೆ" ಎಂದು ನನ್ನನ್ನು ಹೊಗಳಿ ಹೊರಟುಹೋದರು.

ಮನೆಗೆ ಬಂದು ಅಟ್ಟ ಹತ್ತಿದೆ. ಬೇಕರಿಯ ಹಳೆಯ ಬೋರ್ಡುಗಳನ್ನು ಎಸೆಯಲು ಮನಸ್ಸಾಗದೆ ತಂದಿಟ್ಟಿದ್ದೆ. ರೈ, ಪ್ರೆಟ್ಸೆಲ್, ಬೆಣ್ಣೆ ಬನ್ನು, ಸೇಬಿನ ಸುರುಳಿ, ಗಸಗಸೆ ರೋಲು, ಒಂದೊಂದರ ಚಿತ್ರದ ಸಮೇತ. ಕಂಬಕ್ಕೆ ಬಡಿದು ಸಾಲಿಗೊಂದು ನಿಲ್ಲಿಸುತ್ತೇನೆ.

ಡಿಸೆಂಬರ್ 28, ಗುರುವಾರ

ಇಂದು ಒಂದು ಮಗು ಕಿಟಕಿಯಿಂದ ತಲೆ ಹೊರಹಾಕಿ, "ಅಪ್ಪಾ, ನಾವು ಬೆಣ್ಣೆ ಬನ್ನು!" ಎಂದು ಕೂಗಿತು. ಯಾರೂ ಕಾರು ಕಳೆದುಕೊಳ್ಳಲಿಲ್ಲ.

ಸೆರಾಫಿನ್ ಬೋರ್ಡುಗಳನ್ನು ಒಂದೊಂದಾಗಿ ಓದುತ್ತ ಬಂದರು. ರೈ ಸಾಲಿನ ಮುಂದೆ ನಿಂತರು.

"ಏನ್ ಬ್ರೆಡ್ಡಮ್ಮ, ಬೋರ್ಡಿದೆ, ಬ್ರೆಡ್ ಎಲ್ಲಿ?"

"ನೀವು ಅಂಗಡಿ ಪ್ಯಾಕೆಟ್ಟಿಂದು ತಿಂತೀರಂತಲ್ಲ ಈಗ."

"ತಿನ್ನಲ್ಲ, ನುಂಗ್ತೀನಿ. ಒದ್ದೆ ಸ್ಪಂಜು."

ಹತ್ತೊಂಬತ್ತು ವರ್ಷದಲ್ಲಿ ನಮ್ಮ ಬ್ರೆಡ್ಡಿಗೆ ಅವರಿಂದ ಬಂದ ಮೊದಲ ಹೊಗಳಿಕೆ ಇದೇ ಇರಬೇಕು. ಬೇಕರಿ ಮುಚ್ಚಿದ ಮೇಲೆ ಮನೆಯಲ್ಲಿ ಬ್ರೆಡ್ಡು ಹುದುಗಿಸುವ ಹುಳಿಹಿಟ್ಟನ್ನು ಸುಮ್ಮನೆ ಜೀವಂತ ಇಟ್ಟುಕೊಂಡಿದ್ದೆ. ಇಂದು ಅದಕ್ಕೆ ಹಿಟ್ಟು ಉಣಿಸಿದೆ. ಒಬ್ಬಳಿಗೆ ಒಂದು ಇಡೀ ಬ್ರೆಡ್ಡು ಹೆಚ್ಚು, ಅರ್ಧ ಯಾರಿಗಾದರೂ ಕೊಡಲೇಬೇಕು.

ಜನವರಿ 6, ಶನಿವಾರ

ಮೂರು ರಾಜರ ಹಬ್ಬ. ರಜೆ, ಬಿಸಿಲು, ನೂರೈವತ್ತು ಕಾರು. ಗಸಗಸೆ ಸಾಲಿನ ಆಚೆಗೆ ಇನ್ನೊಂದು ಸಾಲು ಬೇಕಾಯಿತು.

ಬೆಳಿಗ್ಗೆ ಸೆರಾಫಿನ್ ಹಾರೆಯನ್ನು ನನ್ನ ಕೈಗೆ ಕೊಟ್ಟು, "ಹೊಡಿ" ಅಂದರು. ಹೊಡೆದೆ.

"ಕಣ್ಣಲ್ಲಿ ನೋಡಬೇಡ. ಮೊಣಕೈಯಲ್ಲಿ ನೋಡು. ನೆಲ ಗಟ್ಟಿ ಇದ್ರೆ ಏಟು ವಾಪಸ್ ಮೊಣಕೈಗೆ ಬರ್ತದೆ. ಮೆತ್ತಗಿದ್ರೆ ನೆಲ ನುಂಗ್ಕೊಂಡು ಸುಮ್ಮನಿರ್ತದೆ. ಸುಮ್ಮನಿರೋ ನೆಲನ ನಂಬಬೇಡ."

ಇಷ್ಟೇಕೆ ಹಟ ಎಂದು ಕೇಳಿದೆ. ಲಿಫ್ಟು ಶುರುವಾದ ವರ್ಷ ಅವರಿಗೆ ಮೂವತ್ತಂತೆ. ಉದ್ಘಾಟನೆಯ ಸಡಗರದಲ್ಲಿ ಅವರಪ್ಪ ಹಸಿ ನೆಲದ ಮೇಲೆ ಕಾರು ಬಿಟ್ಟರು. ವಸಂತದಲ್ಲಿ ಹಿಮ ಕರಗಿದರೆ ಗಾವಲಿನ ತುಂಬ ಗಾಲಿಯ ಹೊಂಡ. ಮೂರು ಬೇಸಿಗೆ ಹುಲ್ಲು ಬರಲಿಲ್ಲ. ಮೇವು ಸಾಲದೆ ಆಲ್ಮಾ ಎಂಬ ಹಸುವನ್ನು ಕೊಟ್ಟುಬಿಟ್ಟರು.

"ಚಿಕ್ಕ ಹಸು. ಎಡಗಡೆ ಕೊಂಬು ಸೊಟ್ಟ," ಅಂದರು. ಐವತ್ತು ವರ್ಷದ ಹಿಂದಿನ ಹಸು. ಕೊಂಬು ಯಾವ ಕಡೆಗೆ ಸೊಟ್ಟ ಎಂಬುದನ್ನು ಕೈಯಲ್ಲಿ ತೋರಿಸಿದರು.

ಕರಾರು ಈ ಚಳಿಗಾಲಕ್ಕೆ ಮುಗಿಯುತ್ತದೆ. ಮುಂದಿನ ಹತ್ತು ವರ್ಷಕ್ಕೆ ಸಹಿ ಬೀಳಬೇಕಾದದ್ದು ಫೆಬ್ರವರಿ ಎರಡಕ್ಕೆ, ಮೇಣದಬತ್ತಿಯ ಹಬ್ಬದಂದು. ಹಿಂದೆ ಆಳುಗಳು ಯಜಮಾನರನ್ನು ಬದಲಿಸುತ್ತಿದ್ದ ದಿನ ಅದು. ಈಗಲೂ ನಮ್ಮಲ್ಲಿ ಹೊಲಗದ್ದೆಯ ಕರಾರೆಲ್ಲ ಅಂದೇ. ಸಹಿ ಬೀಳದಿದ್ದರೆ ಮುಂದಿನ ವರ್ಷ ಪಾರ್ಕಿಂಗ್ ಇಲ್ಲ. ಪಾರ್ಕಿಂಗ್ ಇಲ್ಲದ ಗುಡ್ಡಕ್ಕೆ ಯಾರು ಬರುತ್ತಾರೆ? ಊರ ಮಕ್ಕಳೆಲ್ಲ ಸ್ಕೀ ಕಲಿತ ಲಿಫ್ಟು ನಿಂತುಹೋಗುತ್ತದೆ. ನನಗೂ ಮತ್ತೆ ಕೆಲಸವಿಲ್ಲ. ಲೋರೆಂಜ್ ದಿನಕ್ಕೆರಡು ಸಲ ಬಂದು, "ಮುದುಕರ ಜೊತೆ ಜಗಳ ಆಡಬೇಡ ಕಣೇ" ಎಂದು ಬೇಡಿಕೊಳ್ಳುತ್ತಾನೆ. ಜಗಳವೆಲ್ಲಿ ಆಡುತ್ತಿದ್ದೇನೆ? ಮಾತಾಡುತ್ತಿದ್ದೇನೆ.

ಜನವರಿ 18, ಗುರುವಾರ

ಸೆರಾಫಿನ್ ಅಜ್ಜನಿಗೆ ಜ್ವರ, ಎದೆಯಲ್ಲಿ ಗೊರಗೊರ. ಡಾಕ್ಟರು ಒಂದು ವಾರ ಹೊರಗೆ ಕಾಲಿಡಬಾರದು ಅಂದಿದ್ದಾರೆ. ಮಲಗುವ ಕೋಣೆ ಮನೆಯ ಹಿಂದುಗಡೆ, ಅಲ್ಲಿಂದ ಗಾವಲು ಕಾಣಿಸುವುದಿಲ್ಲ. ಅದೇ ಅವರಿಗೆ ಜ್ವರಕ್ಕಿಂತ ದೊಡ್ಡ ಸಂಕಟ. ಸೂಪು ತೆಗೆದುಕೊಂಡು ಹೋದೆ. ಹಾರೆ ಹಾಸಿಗೆಯ ಪಕ್ಕ ಗೋಡೆಗೊರಗಿತ್ತು.

"ತಗೊಂಡು ಹೋಗು. ನಾನೇಳೋವರೆಗೂ ನೀನೇ ಹೊಡಿ. ನೀನು ಹೇಳಿದ್ದೇ ಮಾತು."

"ಲೋರೆಂಜ್‌ಗೆ ಕೊಡಿ ಬೇಕಾದ್ರೆ."

"ಅವನ ಮೊಣಕೈ ಸಂಘದ್ದು," ಅಂದರು.

ಹಾರೆ ಹೊತ್ತು ರಸ್ತೆ ದಾಟುವಾಗ ಊರವರೆಲ್ಲ ನನ್ನನ್ನೇ ನೋಡುತ್ತಿದ್ದಂತೆ ಅನ್ನಿಸಿತು. ನೋಡಲಿ.

ಜನವರಿ 20, ಶನಿವಾರ

ಮಕ್ಕಳ ರೇಸು. ಐದು ಊರಿನ ಮಕ್ಕಳು, ಅವರ ಅಪ್ಪ ಅಮ್ಮ, ಅಜ್ಜಿ ತಾತ. ವರ್ಷದ ದೊಡ್ಡ ದಿನ.

ನಿನ್ನೆಯಿಂದ ದಕ್ಷಿಣದ ಬಿಸಿಗಾಳಿ, ರಾತ್ರಿ ಮಳೆ. ಬೆಳಿಗ್ಗೆ ಏಳಕ್ಕೆ ಹಾರೆ ಹೊಡೆದೆ. ಮೇಲಿನ ಎರಡು ಮೂಲೆಯಲ್ಲಿ ಪುಟಿಯಿತು, ನಡುವೆಯೂ ಪುಟಿಯಿತು. ಕೆಳಗಿನ ಎರಡು ಮೂಲೆಯಲ್ಲಿ ನಾಲ್ಕು ಬೆರಳು ಇಳಿಯಿತು. ಸದ್ದೇ ಇಲ್ಲ. ನೆಲ ನುಂಗಿಕೊಂಡು ಸುಮ್ಮನಿತ್ತು.

ಲೋರೆಂಜ್ ಓಡಿ ಬಂದ. ರಸ್ತೆಯಲ್ಲಿ ಆಗಲೇ ಕಾರುಗಳ ಸಾಲು, ಕಿಟಕಿಗಳಲ್ಲಿ ಎದೆಗೆ ನಂಬರ್ ಕಟ್ಟಿಕೊಂಡ ಮಕ್ಕಳು.

"ಏನಾಯ್ತು?"

ನಾನು ಹಾರೆಯ ತುದಿಗಂಟಿದ ಕೆಸರನ್ನು ಬೂಟಿಗೆ ಒರೆಸಿದೆ.

"ಅಗಾತೆ, ಒಂದೇ ದಿನ. ಆ ಪುಟಾಣಿಗಳು ಬೂಟು ಹಾಕ್ಕೊಂಡು ಸ್ಟೇಷನ್ನಿಂದ ನಡೀಬೇಕಾ? ಗಟ್ಟಿ ಇದೆ ತಾನೆ?"

"ಗಟ್ಟಿ ಇದೆ," ಅಂದೆ.

ಎರಡೇ ಮಾತು. ನೂರ ನಲವತ್ತು ಕಾರು ಒಳಗೆ ಬಂದವು. ಹನ್ನೊಂದಕ್ಕೆಲ್ಲ ಪ್ರೆಟ್ಸೆಲ್ ಸಾಲಿನಿಂದ ಕೆಳಗೆ ಗಾಲಿಗಳು ಹೂತವು. ಸಂಜೆ ಅವು ಹೊರಟಾಗ ನೆಲದ ಚರ್ಮ ಕಿತ್ತು ಬಂತು. ಈಗ ಹಂದಿಗಳು ಬಗೆದ ಜಾಗದಂತಿದೆ. ಅಜ್ಜನ ಮನೆಗೆ ಹೋಗಲಿಲ್ಲ. ಬ್ರೆಡ್ಡು ಇಲ್ಲೇ ಇದೆ.

ಜನವರಿ 21, ಭಾನುವಾರ

ರಾತ್ರಿ ಚಳಿ ತಿರುಗಿ ಬಂದು ಎರಡು ಅಡಿ ಹಿಮ ಬಿದ್ದಿದೆ. ಗಾವಲು ಒಗೆದು ಹಾಸಿದ ಮೇಜುಬಟ್ಟೆ. ಹೊಂಡಗಳು ಹಾಗೇ ಹೆಪ್ಪುಗಟ್ಟಿ ಅಡಿಯಲ್ಲಿವೆ. ಮೇಲೆ ನೋಡಿದವರಿಗೆ ಏನೂ ಇಲ್ಲ.

ಲೋರೆಂಜ್ ಬಂದು ಪಕ್ಕದಲ್ಲಿ ನಿಂತ. "ದೇವರೇ ಮುಚ್ಚಿದಾನೆ. ಏಪ್ರಿಲ್‌ವರೆಗೂ ಯಾರಿಗೂ ಕಾಣಲ್ಲ. ಸಹಿ ಎರಡನೇ ತಾರೀಕು. ಬಾಯಿ ಬಿಡಬೇಡ, ಆಯ್ತಾ?"

ಆಯ್ತು ಅಂದೆ. ಬಾಯಿ ಮುಚ್ಚಿಕೊಂಡಿರಲು ಹೇಳಿಕೊಡಬೇಕೇ ನನಗೆ.

ಜನವರಿ 24, ಬುಧವಾರ

ಏನೂ ಇಲ್ಲ. ಅರವತ್ತು ಕಾರು.

ಜನವರಿ 27, ಶನಿವಾರ

ಹಾರೆ ಪುಟಿಯಿತು. ಬ್ರೆಡ್ಡು ಸರಿಯಾಗಿ ಉಬ್ಬಲಿಲ್ಲ.

ಫೆಬ್ರವರಿ 1, ಗುರುವಾರ

ಅಜ್ಜ ಎದ್ದು ಅಡುಗೆಮನೆಯಲ್ಲಿ ಕೂತಿದ್ದಾರೆ. ತೆಳ್ಳಗಾಗಿದ್ದಾರೆ. ಹಾರೆ ವಾಪಸ್ ಕೊಟ್ಟೆ. ತುದಿಯನ್ನು ಬೆರಳಲ್ಲಿ ಸವರಿ ನೋಡಿದರು.

"ಬಿಸಿಗಾಳಿ ಬೀಸ್ತಲ್ಲ ಆ ಶನಿವಾರ, ಏನಂತು?"

"ಪುಟೀತು."

"ಕೆಳಗಡೆ ಮೂಲೆಗಳಲ್ಲೂ?"

"ಅಲ್ಲೂ."

"ಸರಿ ಬಿಡು. ನಾಳೆ ಸಹಿ ಹಾಕ್ತೀನಿ. ಈ ಸಲ ಹಾಕೋದು ಲೋರೆಂಜನ ಮಾತಿನ ಮೇಲಲ್ಲ," ಅಂದು ಬ್ರೆಡ್ಡಿನ ಅಂಚು ಮುರಿದು ಬಾಯಿಗೆ ಹಾಕಿಕೊಂಡರು. "ಹುಳಿ ಸ್ವಲ್ಪ ಜಾಸ್ತಿ ಆಗಿದೆ. ಚೆನ್ನಾಗಿದೆ."

ಚೆನ್ನಾಗಿದೆ ಅಂದರು. ಇಂದೇ ಅನ್ನಬೇಕಿತ್ತೇ? ನಾಳೆ ಸಹಿ ಬಿದ್ದರೆ ಲಿಫ್ಟು ಉಳಿಯುತ್ತದೆ, ನನ್ನ ಕೆಲಸ ಉಳಿಯುತ್ತದೆ, ಎಲ್ಲರಿಗೂ ಒಳ್ಳೆಯದು. ಇದನ್ನು ಮೂರು ಸಲ ಹೇಳಿಕೊಂಡೆ.

ಫೆಬ್ರವರಿ 2, ಶುಕ್ರವಾರ

ಹೋಟೆಲಿನ ಹಜಾರದಲ್ಲಿ ಸಂಘದವರೆಲ್ಲ ಸೇರಿದ್ದರು. ಚೀಸು ಬೆರೆಸಿದ ಹಿಟ್ಟಿನ ಉಂಡೆ, ಮೇಲೆ ಹುರಿದ ಈರುಳ್ಳಿ, ಹಬೆಯಾಡುತ್ತಿತ್ತು. ಸಹಿ ಆದ ಮೇಲೆ ಊಟವೆಂದು ಲೋರೆಂಜ್ ಕಾಗದ ಬಿಡಿಸಿಟ್ಟ. ಅಜ್ಜ ಚರ್ಚಿಗೆ ಹೋಗುವ ಕೋಟು ಹಾಕಿಕೊಂಡು ಬಂದಿದ್ದರು. ಕನ್ನಡಕ ಏರಿಸಿ ಪೆನ್ನು ಎತ್ತಿಕೊಂಡರು, ಹಾರೆ ಹಿಡಿಯುವ ಹಾಗೆ, ಎರಡು ಕೈಯಲ್ಲಿ.

ಅದೊಂದನ್ನು ನೋಡಬಾರದಿತ್ತು.

"ಅಜ್ಜ, ಸಹಿ ಹಾಕ್ಬೇಡಿ," ಅಂದೆ. "ರೇಸಿನ ದಿನ ಹಾರೆ ಪುಟೀಲಿಲ್ಲ. ಕೆಳಗಿನ ಎರಡೂ ಮೂಲೆಯಲ್ಲಿ ಇಳೀತು. ನಾನು ಗಟ್ಟಿ ಇದೆ ಅಂದೆ."

ಲೋರೆಂಜ್ ಮೇಜಿನ ಕೆಳಗೆ ನನ್ನ ಕಾಲು ತುಳಿದ. ತಡವಾಗಿತ್ತು.

"ಎಷ್ಟು ಇಳೀತು?"

"ನಾಲ್ಕು ಬೆರಳು."

"ನಿನ್ನೆ ಕೇಳಿದೆ ನಿನ್ನ."

"ಕೇಳಿದ್ರಿ."

ಪೆನ್ನಿಗೆ ಟೋಪಿ ಹಾಕಿದರು. ತಮ್ಮ ತಲೆಗೂ ಟೋಪಿ ಹಾಕಿಕೊಂಡರು. "ಆರೋಗ್ತದೆ, ತಿನ್ನಿ," ಎಂದು ಎಲ್ಲರಿಗೂ ಹೇಳಿ ಎದ್ದು ಹೋದರು. ಯಾರೂ ತಿನ್ನಲಿಲ್ಲ.

ಫೆಬ್ರವರಿ 4, ಭಾನುವಾರ

ಊರೇ ಮುಖ ತಿರುಗಿಸಿದೆ. "ಹತ್ತು ನಿಮಿಷ ನಾಲಿಗೆ ಕಚ್ಕೊಂಡು ಕೂರೋಕೆ ಆಗ್ಲಿಲ್ವೇನೇ ನಿನಗೆ? ಮಕ್ಕಳ ಲಿಫ್ಟು ಅದು," ಅಂದ ಲೋರೆಂಜ್. ಕೂಗಾಡಿದ್ದರೆ ವಾಸಿಯಿತ್ತು, ಮೆಲ್ಲಗೆ ಅಂದ. ಕೆಲಸದಿಂದ ತೆಗೆದಿಲ್ಲ. ಬೇರೆ ಯಾರೂ ಸಿಗುವುದಿಲ್ಲ.

ಅಜ್ಜ ಬೆಳಿಗ್ಗೆ ಏಳಕ್ಕೆ ಹಾರೆ ತಂದು ಐದು ಏಟು ಹೊಡೆದರು. ಪುಟಿಯಿತು. ತಲೆಯಾಡಿಸಿದರು, ನನಗಲ್ಲ, ನೆಲಕ್ಕೆ. ಈ ಚಳಿಗಾಲದ ಕರಾರು ಇನ್ನೂ ಇದೆ, ಅದನ್ನು ಅವರು ಮುರಿಯುವವರಲ್ಲ. ನನ್ನ ಹತ್ತಿರ ಒಂದು ಮಾತಿಲ್ಲ.

ಸಂಜೆ ಅರ್ಧ ಬ್ರೆಡ್ಡನ್ನು ಚೀಲದಲ್ಲಿಟ್ಟು ಅವರ ಬಾಗಿಲ ಚಿಲಕಕ್ಕೆ ನೇತುಹಾಕಿ ಬಂದೆ.

ಫೆಬ್ರವರಿ 5, ಸೋಮವಾರ

ಬೆಳಿಗ್ಗೆ ಪಾರ್ಕಿಂಗ್ ಗುಡಿಸಲಿನ ಮೊಳೆಗೆ ಚೀಲ ನೇತಾಡುತ್ತಿತ್ತು. ಖಾಲಿ. ಮಡಿಸಿ ಇಟ್ಟಿದ್ದರು.

ಫೆಬ್ರವರಿ 29, ಗುರುವಾರ

ಮಾತಿಲ್ಲ. ಚೀಲ ಮಾತ್ರ ಹೋಗುತ್ತದೆ, ಬರುತ್ತದೆ. ಇಂದು ಚೀಲದೊಳಗೆ ಎರಡು ಮೊಟ್ಟೆ ಇದ್ದವು.

ಮಾರ್ಚ್ 24, ಭಾನುವಾರ

ಸೀಸನ್ ಮುಗಿಯಿತು. ಕೊನೆಯ ಕಾರು ಬೆಣ್ಣೆ ಬನ್ನು ಸಾಲಿನದು, ಮ್ಯೂನಿಕ್ಕಿನವನದೇ. ಈ ಸಲ ಮೂತಿ ಕೆಳಗೆ ಮಾಡಿ ನಿಲ್ಲಿಸಿದ್ದ. ಇಳಿದು ಬಂದು ಕೈ ಕುಲುಕಿ, "ಮುಂದಿನ ವರ್ಷ ಸಿಗೋಣ" ಅಂದ. ಹೂಂ ಅಂದೆ. ಬೋರ್ಡುಗಳನ್ನು ಕಿತ್ತು ತಂದೆ. ಅಟ್ಟಕ್ಕೇರಿಸಲು ಮನಸ್ಸಾಗದೆ ಬಾಗಿಲ ಬಳಿಯೇ ಒರಗಿಸಿದ್ದೇನೆ.

ಏಪ್ರಿಲ್ 9, ಮಂಗಳವಾರ

ಹಿಮ ಪೂರ್ತಿ ಕರಗಿತು. ಬೆಳಿಗ್ಗೆ ಹೋಗಿ ನೋಡಿದೆ. ನೆನಪಿನಲ್ಲಿದ್ದದ್ದಕ್ಕಿಂತ ಕೆಟ್ಟದಾಗಿದೆ. ಕೆಳಗಿನ ಮೂರನೇ ಒಂದು ಭಾಗದ ಉದ್ದಕ್ಕೂ ಹೊಂಡ, ಹೊಂಡದಲ್ಲಿ ಕೆಸರು ನೀರು, ಅಂಚಿನಲ್ಲಿ ಬೇರು ಮೇಲಾಗಿ ಸತ್ತ ಹುಲ್ಲು. ನಡುವೆ ಏಳು ಒಂಟಿ ಕೈಗವಸು, ಒಂದು ಕಾರಿನ ಕೀಲಿ, ಯಾರದೋ ಕಟ್ಟಿದ ಹಲ್ಲು.

ಮನೆಗೆ ಹೋಗಿ ಗುದ್ದಲಿ, ಮಣ್ಣು ಕೆದಕುವ ಕವಲುಗೋಲು ತಂದೆ. ಯಾರೂ ಮಾಡು ಅಂದಿಲ್ಲ. ಮಾಡಿದವಳು ನಾನು, ತಿದ್ದುವವಳೂ ನಾನೇ. ಅಂಚಿನ ಮಣ್ಣನ್ನು ಹೊಂಡಕ್ಕೆ ತಳ್ಳಿ, ಕಲ್ಲು ಆರಿಸಿ, ಸಮ ಮಾಡಿದೆ. ಸಂಜೆಯ ಹೊತ್ತಿಗೆ ಆದದ್ದು ಒಂದು ಕಾರು ನಿಲ್ಲುವಷ್ಟು ಜಾಗ. ಇನ್ನು ಐವತ್ತು ಕಾರು ಬಾಕಿ.

ಏಪ್ರಿಲ್ 12, ಶುಕ್ರವಾರ

ಬೆನ್ನು ಎರಡಾಗಿದೆ. ಮಧ್ಯಾಹ್ನ ಮಣ್ಣಿನ ಮೇಲೆ ನೆರಳು ಬಿತ್ತು. ತಲೆಯೆತ್ತಿದೆ. ಅಜ್ಜ.

"ಮಣ್ಣು ತುಂಬಿಸಿ ಏನ್ ಮಾಡ್ತೀಯಾ? ಬೀಜ ಎಲ್ಲಿ?"

ಎರಡು ತಿಂಗಳಲ್ಲಿ ಮೊದಲ ಮಾತು. ಅಂಗಡಿಯಿಂದ ತರುತ್ತೇನೆ ಅಂದೆ.

"ಅಂಗಡಿ ಹುಲ್ಲು ಅಂಗಡಿ ಬ್ರೆಡ್ ಇದ್ದಂಗೆ. ಬಾ ಇಲ್ಲಿ."

ಕೊಟ್ಟಿಗೆಯ ಮೇಲಿನ ಹುಲ್ಲಟ್ಟಕ್ಕೆ ಹತ್ತಿಸಿದರು. ಚಳಿಗಾಲ ಕಳೆದು ಅಟ್ಟ ಬರಿದಾಗಿತ್ತು. ಕೈಗೆ ಪೊರಕೆ ಕೊಟ್ಟರು. ನೆಲದಲ್ಲಿ ಬೆರಳುದ್ದ ದಪ್ಪಕ್ಕೆ ಪುಡಿ, ಹೊಟ್ಟು, ಒಣ ಹೂವಿನ ಎಸಳು, ಅದರೊಳಗೆ ಸಾಸಿವೆಗಿಂತ ಸಣ್ಣ ಬೀಜಗಳು. ಆ ಗಾವಲಿನ ಹುಲ್ಲೇ ಅಲ್ಲಿ ಒಣಗಿ ಉದುರಿಸಿದ ಬೀಜ. ಗುಡಿಸಿದೆ. ಆರು ಗೋಣಿ ತುಂಬಿತು. ಅಟ್ಟದ ತುಂಬ ಜುಲೈ ತಿಂಗಳ ವಾಸನೆ. ನನಗೆ ಅಳು ಬಂತು. ಧೂಳು ಅಂದೆ. ಅಜ್ಜ, "ಹೌದು, ಧೂಳು ಜಾಸ್ತಿ," ಎಂದು ಆಚೆ ಕಡೆ ನೋಡಿದರು.

ಏಪ್ರಿಲ್ 13, ಶನಿವಾರ

ಲೋರೆಂಜ್ ರೋಲರ್ ಎಳೆದುಕೊಂಡು ಬಂದ. ಮುಖ ಕೊಡಲಿಲ್ಲ. "ಮೇಲೆ ಒತ್ತದೇ ಇದ್ರೆ ಹಕ್ಕಿ ಬೀಜ ತಿಂದ್ಹೋಗ್ತವೆ," ಎಂದಷ್ಟೇ ಹೇಳಿ ನಾನು ಎರಚಿದ ಕಡೆಯೆಲ್ಲ ಉರುಳಿಸುತ್ತ ಬಂದ. ಉಳಿದ ಹೊಂಡಗಳನ್ನು ನಾಳೆಯಿಂದ ಮೂವರೂ ಸೇರಿ ತುಂಬಿ ಬಿತ್ತುವುದೆಂದಾಯಿತು. ನಾಲ್ಕು ಗಂಟೆಗೆ ಮೂವರೂ ಬೇಲಿಯ ಮೇಲೆ ಕೂತು ಬ್ರೆಡ್ಡು ತಿಂದೆವು. ಇಡೀ ಬ್ರೆಡ್ಡು ಖಾಲಿಯಾಯಿತು.

ಮೇ 16, ಗುರುವಾರ

ಮೇ ನಡುವೆ ಕೊನೆಯ ಚಳಿ ತರುವ ಹಿಮದ ಸಂತರ ದಿನಗಳು ನಿನ್ನೆಗೆ ಮುಗಿದವು. ಅಲ್ಲಿಯವರೆಗೆ ಬಿತ್ತಿದ್ದರ ಬಗ್ಗೆ ತುಟಿ ಬಿಚ್ಚಬಾರದು ಎನ್ನುತ್ತಾರೆ ಅಜ್ಜ, ಒಂದು ರಾತ್ರಿ ಹೆಪ್ಪುಗಟ್ಟಿದ ಇಬ್ಬನಿ ಎಲ್ಲ ಸುಟ್ಟುಬಿಡುತ್ತದಂತೆ. ಇಂದು ಬೆಳಿಗ್ಗೆ ನನ್ನನ್ನೂ ಲೋರೆಂಜನನ್ನೂ ಕರೆಸಿದರು. ಕೆಳಗಿನ ಮೂಲೆಯಲ್ಲಿ ಬೂಟು ಬಿಚ್ಚಿ, ಕಾಲುಚೀಲ ಬಿಚ್ಚಿ, ಬರಿಗಾಲಲ್ಲಿ ನಡೆದರು. ಹುಲ್ಲು ಎಳೆಯದು, ತೆಳುವು, ಮಗುವಿನ ತಲೆಗೂದಲಿನಂತೆ. ಆದರೆ ಇತ್ತು, ಎಲ್ಲ ಕಡೆಯೂ ಇತ್ತು.

ಅಡುಗೆಮನೆಯ ಮೇಜಿನ ಮೇಲೆ ಕರಾರಿನ ಕಾಗದವಿತ್ತು. ಆಗಲೇ ಸಹಿ ಹಾಕಿದ್ದರು. ಕೊನೆಯಲ್ಲಿ ಕೈಬರಹದಲ್ಲಿ ಒಂದು ಸಾಲು ಸೇರಿಸಿದ್ದರು. ಲೋರೆಂಜ್ ಗಟ್ಟಿಯಾಗಿ ಓದಿದ:

"ನೆಲ ಗಟ್ಟಿಯೋ ಮೆತ್ತಗೋ ಎಂದು ಹೇಳುವ ಹಕ್ಕು ಇನ್ನು ಹತ್ತು ವರ್ಷ ಅಗಾತೆ ವೊನಿಯರ್ ಅವರದು. ಮಿಕ್ಕ ಯಾರಿಗೂ ಇಲ್ಲ, ನನಗೂ ಇಲ್ಲ."

"ಸುಳ್ಳು ಹೇಳಿದವಳಿಗೇ ಹಾರೆ ಕೊಡ್ತೀರಾ ಮಾಮ?" ಅಂದ, ನಗುತ್ತಲೇ.

"ಅವಳಿಗೆ ಅದರ ರುಚಿ ಗೊತ್ತಾಗಿದೆ. ಇನ್ನೊಂದು ಸಲ ತಿನ್ನಲ್ಲ. ನಿನಗಿನ್ನೂ ಗೊತ್ತಿಲ್ಲ."

ನಾನು ಬೇಡವೆಂದೆ. ನನ್ನಿಂದಾಗದು, ಊರವರ ಶಾಪ ತಿನ್ನುವವರು ಯಾರು ಅಂದೆ. ಅಜ್ಜ ಕೇಳಿಸಿಕೊಳ್ಳಲಿಲ್ಲ. ಹಾರೆ ನನ್ನ ಕಡೆ ಒರಗಿಸಿ, "ತುಕ್ಕು ಹಿಡಿಸ್ಬೇಡ," ಅಂದರು. ಎಣ್ಣೆ ಹಚ್ಚಿ ಹುಳಿಹಿಟ್ಟಿನ ಡಬ್ಬಿಯ ಪಕ್ಕ ಇಟ್ಟಿದ್ದೇನೆ. ಬೇರೆ ಜಾಗವಿಲ್ಲ.

ಡಿಸೆಂಬರ್ 14, ಶನಿವಾರ

ಬೇಸಿಗೆಯೆಲ್ಲ ಬರೆಯಲು ಪುರುಸೊತ್ತಾಗಲಿಲ್ಲ. ಹುಲ್ಲು ಎರಡು ಸಲ ಕೊಯ್ದೆವು. ಊರಿನ ಹನ್ನೆರಡು ಮನೆಗೆ ಈಗ ನನ್ನದೇ ಬ್ರೆಡ್ಡು. ಹಿಟ್ಟಿನ ಗಿರಣಿಯವರು ಹೊಸ ಡೈರಿ ಕಳಿಸಿದ್ದಾರೆ. ಇದರಲ್ಲಿ ಇನ್ನೂ ಹಾಳೆ ಇವೆ, ಮುಗಿಸೋಣ.

ಇಂದು ಸೀಸನ್ನಿನ ಮೊದಲ ದಿನ. ಏಳಕ್ಕೆ ಹೋದರೆ ಅಜ್ಜ ಆಗಲೇ ಬೇಲಿಯ ಮೇಲೆ ಕೂತಿದ್ದರು. ಹೊಸ ಟೋಪಿ, ಕೈಯಲ್ಲಿ ಥರ್ಮಾಸು. ರಾತ್ರಿಯೇ ಬಂದು ಬೋರ್ಡುಗಳನ್ನು ತಾವೇ ಸಾಲಾಗಿ ನಿಲ್ಲಿಸಿದ್ದರು, ರೈ ಎಲ್ಲಕ್ಕಿಂತ ಮುಂದೆ. ಲೋರೆಂಜ್ ರಸ್ತೆಯಲ್ಲಿ ನಿಂತಿದ್ದ. ಅವನ ಹಿಂದೆ ಕಾರುಗಳ ಸಾಲು.

ಐದು ಏಟು ಹೊಡೆದೆ. ನಾಲ್ಕು ಮೊಣಕೈಗೆ ಬಂದವು. ನಾನು ಬಿತ್ತಿದ ಎಳೆಹುಲ್ಲಿನ ಒಂದು ಮೂಲೆಯಲ್ಲಿ ಎರಡು ಬೆರಳು ಇಳಿಯಿತು. ಮತ್ತೊಮ್ಮೆ ಹೊಡೆದೆ. ಎರಡೇ ಬೆರಳು.

"ಇಲ್ಲ," ಅಂದೆ.

ಲೋರೆಂಜ್ ಈ ಸಲ ನೇರ ಟ್ರಾಕ್ಟರ್ ತರಲು ಹೊರಟ. ಬೇಡಿಕೊಂಡವರು ಅಜ್ಜ. ಬೇಲಿಯಿಂದ ಇಳಿದು ಬಂದರು.

"ಎರಡೇ ಬೆರಳು ಕಣೇ. ಮೇಲ್ಗಡೆ ಸಾಲಾದ್ರೂ ಬಿಡು. ಮೊದಲನೇ ದಿನ, ಶನಿವಾರ ಬೇರೆ. ಮಕ್ಕಳು ಬರ್ತವೆ ಅಂತ ಬೆಳಗಿಂದ ಕಾಯ್ತಿದ್ದೀನಿ ನಾನು."

"ಹುಲ್ಲಿಗೆ ಶನಿವಾರ ಗೊತ್ತಿಲ್ಲ ಅಜ್ಜ," ಅಂದೆ, ಹಾರೆ ಹೆಗಲಿಗೇರಿಸಿದೆ.

ಅಜ್ಜ ನನ್ನನ್ನೇ ನೋಡುತ್ತ ನಿಂತರು. ಆಮೇಲೆ ನಗಲು ಶುರುಮಾಡಿದರು. ಬೇಲಿ ಹಿಡಿದುಕೊಂಡು, ಕೆಮ್ಮು ಬರುವವರೆಗೆ, ಕಣ್ಣಲ್ಲಿ ನೀರು ಬರುವವರೆಗೆ ನಕ್ಕರು. ನಾನು ಕಾರುಗಳನ್ನು ನಿಲ್ದಾಣಕ್ಕೆ ತಿರುಗಿಸಿ, ಒಂದು ಪುಟ್ಟ ಹುಡುಗಿಯ ಸ್ಕೀ ಹೊತ್ತು ಏರು ಹತ್ತಿ ಬಂದಾಗಲೂ ಟ್ರಾಕ್ಟರಿನ ಗಾಡಿಯಲ್ಲಿ ಮಕ್ಕಳ ನಡುವೆ ಕೂತು ನಗುತ್ತಲೇ ಇದ್ದರು. ಯಾಕೆಂದು ತಿಳಿಯಲಿಲ್ಲ. ನಗುವಂಥದ್ದು ನಾನೇನು ಹೇಳಿದೆ? ಇದ್ದದ್ದನ್ನು ಇದ್ದ ಹಾಗೆ ಹೇಳಿದೆ, ಅಷ್ಟೆ.